ಹಳೆಯ ದೊಡ್ಡ ಸೆಡಾನಿಗೆ ಯಾವ ಎಂಜಿನ್ ಆಯಿಲ್? ಕಲಬುರಗಿಯ ಬಿಸಿಲು, ಧೂಳಿಗೆ ತಕ್ಕ ಆಯ್ಕೆ

ಹೋಂಡಾ ಅಕಾರ್ಡ್, ಟೊಯೊಟಾ ಕ್ಯಾಮ್ರಿ, ಸ್ಕೋಡಾ ಸೂಪರ್ಬ್. ಹೊಸದಿದ್ದಾಗ ಇಪ್ಪತ್ತು ಲಕ್ಷದ ಆಚೀಚೆ ಇದ್ದ ಗಾಡಿಗಳು. ಹತ್ತು ಹನ್ನೆರಡು ವರ್ಷ ಓಡಿದ ಮೇಲೆ ಎಷ್ಟೋ ಸಲ ಹೊಸ ಸಣ್ಣ ಕಾರಿಗಿಂತ ಕಡಿಮೆ ಬೆಲೆಗೆ ಸಿಗುತ್ತವೆ. ಹೈದರಾಬಾದ್ ನಮಗೆ ಸುಮಾರು 220 ಕಿಲೋಮೀಟರ್ ಅಷ್ಟೇ. ಹಾಗಾಗಿ ಕಲಬುರಗಿಯವರು ಇಂಥ ಗಾಡಿ ಹುಡುಕಿಕೊಂಡು ಬೆಂಗಳೂರಿಗಿಂತ ಮೊದಲು ಅಲ್ಲಿಗೇ ಹೋಗುತ್ತಾರೆ. ಗಾಡಿಯ ಬೆಲೆ ಇಳಿದಿದೆ, ನಿಜ. ಅದು ಕೇಳುವ ಆಯಿಲ್, ಫಿಲ್ಟರ್, ಬೆಲ್ಟ್ ಮಾತ್ರ ಇವತ್ತಿಗೂ ಇಪ್ಪತ್ತು ಲಕ್ಷದ ಗಾಡಿಯದ್ದೇ.

ಗಾಡಿ ಮನೆಗೆ ಬಂದ ಮೇಲೆ ಮೊದಲ ಪ್ರಶ್ನೆ ಆಯಿಲ್‌ದು. ಗ್ಯಾರೇಜಿನಲ್ಲಿ ಕೇಳಿದರೆ ಉತ್ತರ ಬಹುತೇಕ ಒಂದೇ: "ಸಾಹೇಬ್ರ, ನಮ್ಮ ಬಿಸಲಿಗೆ ತೆಳು ಆಯಿಲ್ ನಿಲ್ಲಂಗಿಲ್ರಿ, ಮಂದಂದು ಹಾಕ್ರಿ." ಮಿಸ್ತ್ರಿ ಕೆಟ್ಟ ಮನಸ್ಸಿನಿಂದ ಹೇಳುವುದಿಲ್ಲ. ಅಂಬಾಸಿಡರ್, ಜೀಪುಗಳ ಕಾಲದಲ್ಲಿ ಆ ಮಾತು ಸರಿಯೇ ಇತ್ತು. ಈ ಮೂರು ಗಾಡಿಗಳಿಗೆ ಮಾತ್ರ ಅದನ್ನು ಹಾಗೇ ಒಪ್ಪಿಕೊಳ್ಳಬಾರದು ಎನ್ನುವುದು ನನ್ನ ವಾದ. ನಮ್ಮ ಕಡೆ ಎಂಜಿನ್ ಹಾಳು ಮಾಡುವುದರಲ್ಲಿ ಧೂಳು, ಆಯಿಲ್ ಕಡಿಮೆಯಾದರೂ ನೋಡದೇ ಓಡಿಸುವುದು, ಬರೀ ಊರೊಳಗಿನ ಸಣ್ಣ ಓಡಾಟ, ಇವು ಮೂರೂ ಮೇ ತಿಂಗಳ ಬಿಸಿಲಿಗಿಂತ ಮುಂದಿವೆ.

ಬಿಸಿಲಿಗೂ ಆಯಿಲ್‌ಗೂ ಎಷ್ಟು ಸಂಬಂಧ?

ಬೇಸಿಗೆಯಲ್ಲಿ ಇಲ್ಲಿ 42-43 ಡಿಗ್ರಿ ಮಾಮೂಲು. ಬಿಸಿಯಾದ ಎಂಜಿನ್ನಿನಲ್ಲಿ ಆಯಿಲ್ ಇರುವುದು ಸುಮಾರು 90ರಿಂದ 110 ಡಿಗ್ರಿಯಲ್ಲಿ. ಥರ್ಮೋಸ್ಟಾಟ್, ರೇಡಿಯೇಟರ್, ಫ್ಯಾನ್ ಮೂರೂ ಸೇರಿ ಕೂಲೆಂಟನ್ನು (ಎಂಜಿನ್ ತಂಪಾಗಿಡುವ ದ್ರವ) 90ರ ಆಸುಪಾಸಿನಲ್ಲಿ ಹಿಡಿದಿಡುತ್ತವೆ. ಹೊರಗೆ 20 ಡಿಗ್ರಿ ಇದ್ದರೂ ಅಷ್ಟೇ, 43 ಇದ್ದರೂ ಹೆಚ್ಚುಕಡಿಮೆ ಅಷ್ಟೇ. ರೇಡಿಯೇಟರಿನ ಸಂದಿಯಲ್ಲಿ ಮಣ್ಣು ಕಟ್ಟಿಕೊಂಡಿದ್ದರೆ, ಫ್ಯಾನ್ ಸೋತಿದ್ದರೆ, ಎಸಿ ಹಾಕಿಕೊಂಡು ಟ್ರಾಫಿಕ್‌ನಲ್ಲಿ ನಿಂತಾಗ ಬಿಸಿ ಏರುತ್ತದೆ. ಅಂಥ ಗಾಡಿಗೆ ಮೊದಲು ರೇಡಿಯೇಟರ್ ಕ್ಲೀನ್ ಮಾಡಿಸಿ. ಮಂದ ಆಯಿಲ್ ಹಾಕಿದರೆ ಗೇಜ್ ಕೆಳಗೆ ಇಳಿಯುವುದಿಲ್ಲ.

ಕ್ಯಾನಿನ ಮೇಲಿನ ಎರಡು ಅಂಕಿಗಳ ಕಥೆಯೂ ಇಲ್ಲೇ ಹೇಳಿಬಿಡುತ್ತೇನೆ. 5ಡಬ್ಲ್ಯೂ-30 ಎಂದರೆ ಮೊದಲ ಅಂಕಿ ಚಳಿಗೆ ಸಂಬಂಧಪಟ್ಟದ್ದು. 5ಡಬ್ಲ್ಯೂ ಆಯಿಲನ್ನು ಮೈನಸ್ 30 ಡಿಗ್ರಿಯಲ್ಲಿ ಪರೀಕ್ಷೆ ಮಾಡುತ್ತಾರೆ, 15ಡಬ್ಲ್ಯೂ ಆಯಿಲನ್ನು ಮೈನಸ್ 20ರಲ್ಲಿ. ನಮಗೆ ಆ ಚಳಿ ಎಲ್ಲಿ ಬರಬೇಕು? ಆದರೂ ಈ ಅಂಕಿ ಪೂರ್ತಿ ಬೇಡದ್ದೇನಲ್ಲ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ, 25-30 ಡಿಗ್ರಿಯಲ್ಲಿ ಕೂಡ ಆಯಿಲ್ ಬಿಸಿ ಎಂಜಿನ್ನಿನಲ್ಲಿ ಇರುವುದಕ್ಕಿಂತ ತುಂಬಾ ಮಂದ ಇರುತ್ತದೆ. ಮೊದಲ ಅಂಕಿ ಸಣ್ಣದಿದ್ದಷ್ಟೂ ಆಯಿಲ್ ಬೇಗ ಮೇಲಕ್ಕೆ ಏರುತ್ತದೆ.

ನಮಗೆ ಮುಖ್ಯ ಎರಡನೇ ಅಂಕಿ. ಅದು 100 ಡಿಗ್ರಿಯಲ್ಲಿ ಆಯಿಲ್ ಎಷ್ಟು ಮಂದ ಎನ್ನುವುದನ್ನು ಹೇಳುತ್ತದೆ. 20 ಎಂದರೆ 6.9ರಿಂದ 9.3 ಸೆಂಟಿಸ್ಟೋಕ್ (ಮಂದತನದ ಅಳತೆ), 30 ಎಂದರೆ 9.3ರಿಂದ 12.5, 40 ಎಂದರೆ 12.5ರಿಂದ 16.3, 50 ಎಂದರೆ 16.3ರಿಂದ 21.9. ಅಂದರೆ 20ಕ್ಕೆ ಅಂತ ಮಾಡಿದ ಎಂಜಿನ್ನಿಗೆ 50 ಸುರಿದರೆ, ಸುಮಾರು ಎರಡು ಪಟ್ಟು ಮಂದ ಆಯಿಲನ್ನು ಅದೇ ಸಣ್ಣ ದಾರಿಗಳಲ್ಲಿ ತಳ್ಳು ಅಂತ ಪಂಪಿಗೆ ಹೇಳಿದ ಹಾಗೆ.

ಅಂಗಡಿಯಲ್ಲಿ ಸಿಗುವ ಗ್ರೇಡುಗಳು

20ಡಬ್ಲ್ಯೂ-50 ನಮ್ಮ ಕಡೆ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಬೆಲೆಯೂ ಕಡಿಮೆ. ಈ ಮೂರು ಗಾಡಿಗಳಿಗೆ ನಾನು ಇದನ್ನು ಹಾಕುವುದಿಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಚೈನ್ ಟೆನ್ಶನರ್ (ವಾಲ್ವ್ ಓಡಿಸುವ ಟೈಮಿಂಗ್ ಚೈನನ್ನು ಬಿಗಿ ಹಿಡಿಯುವ ಭಾಗ), ವಾಲ್ವ್ ಟೈಮಿಂಗ್ ಬದಲಿಸುವ ಭಾಗಗಳಿಗೆ ಆಯಿಲ್ ಪ್ರೆಶರ್ ಬೇಕು. ಅಂಬಲಿಯಂಥ ಆಯಿಲ್ ಅಲ್ಲಿಗೆ ತಡವಾಗಿ ಮುಟ್ಟುತ್ತದೆ. ಹಳೆಯ ಗಾಡಿ ಮಾರುವವರು ಕೆಲವರು ಇದನ್ನೇ ಬೇಕಂತ ಹಾಕಿಸಿರುತ್ತಾರೆ, ಎಂಜಿನ್ ಸದ್ದು ಅಡಗುತ್ತದೆ ಅಂತ. ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ತೆಗೆದಾಗ ಆಯಿಲ್ ಹೊಸದಾಗಿ, ತೀರಾ ಮಂದವಾಗಿ ಕಂಡರೆ "ಯಾವಾಗ ಚೇಂಜ್ ಮಾಡಿಸಿದಿರಿ, ಯಾವ ಗ್ರೇಡು?" ಅಂತ ಕೇಳಿಬಿಡಿ. ಬಿಲ್ ಕೂಡ ಕೇಳಿ.

15ಡಬ್ಲ್ಯೂ-40 ಟ್ರ್ಯಾಕ್ಟರ್, ಲಾರಿ, ಹಳೆ ಡೀಸೆಲ್ ಜೀಪಿನ ಆಯಿಲ್. ಮನೆಯಲ್ಲಿ ಹೊಲದ ಟ್ರ್ಯಾಕ್ಟರಿಗೆ ತಂದ ಡಬ್ಬಿ ಇರುತ್ತದೆ, ಅದನ್ನೇ ಕಾರಿಗೂ ಹಾಕೋಣ ಅನಿಸುವುದು ಸಹಜ. ಕೆಲವು ಮ್ಯಾನ್ಯುಯಲ್‌ಗಳ ತಾಪಮಾನದ ಪಟ್ಟಿಯಲ್ಲಿ 15ಡಬ್ಲ್ಯೂ-40 ಇದ್ದೇ ಇರುತ್ತದೆ. ಇದ್ದರೆ ದಾರಿಯಲ್ಲಿ ಬೇರೆ ಏನೂ ಸಿಗದಾಗ ನಡೆಯುತ್ತದೆ. ಟ್ರ್ಯಾಕ್ಟರಿನ ಡಬ್ಬಿ ಬೇಡ. ಅದರ ಹಿಂದೆ ಸಿಐ-4, ಸಿಕೆ-4 ಎಂಬ ಡೀಸೆಲ್ ದರ್ಜೆ ಇರುತ್ತದೆ. ಪೆಟ್ರೋಲ್ ಎಂಜಿನ್ನಿಗೆ ಬೇಕಾದ್ದು ಎಸ್‌ಎನ್ ಅಥವಾ ಎಸ್‌ಪಿ ಎಂಬ ಪೆಟ್ರೋಲ್ ದರ್ಜೆ.

ನಿಜವಾದ ಆಯ್ಕೆ ಇರುವುದು 0ಡಬ್ಲ್ಯೂ-20, 5ಡಬ್ಲ್ಯೂ-30, 5ಡಬ್ಲ್ಯೂ-40 ಇವುಗಳ ನಡುವೆ. 0ಡಬ್ಲ್ಯೂ-20 ಮೈಲೇಜಿಗೆ ಒಳ್ಳೆಯದು. ಆದರೆ ಒಂದೂವರೆ ಲಕ್ಷ ಕಿಲೋಮೀಟರ್ ಓಡಿದ ಎಂಜಿನ್, ತುಂಬಿದ ಗಾಡಿ, ಹೈದರಾಬಾದಿನವರೆಗೂ ಎಸಿ, ಏಪ್ರಿಲ್ ಮಧ್ಯಾಹ್ನ ಅಂದರೆ ನಾನು ಒಂದು ಮೆಟ್ಟಿಲು ಮೇಲೆ ಹೋಗುತ್ತೇನೆ. ಮ್ಯಾನ್ಯುಯಲ್ ಒಪ್ಪಿದ್ದರೆ ಮಾತ್ರ. 5ಡಬ್ಲ್ಯೂ-30 ನಮ್ಮ ಕಡೆಯ ಪೆಟ್ರೋಲ್ ಸೆಡಾನಿಗೆ ಕಣ್ಣು ಮುಚ್ಚಿ ಹಾಕಬಹುದಾದ ಗ್ರೇಡಿಗೆ ತುಂಬಾ ಹತ್ತಿರ. 5ಡಬ್ಲ್ಯೂ-40 ಯುರೋಪಿನ ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಭಾಗ) ಇರುವ ಎಂಜಿನ್ನುಗಳ ಆಯಿಲ್. ಹೋಂಡಾ, ಟೊಯೊಟಾದಲ್ಲಿ ಆಯಿಲ್ ಸ್ವಲ್ಪ ಸುಡಲು ಶುರುವಾಗಿದ್ದರೆ ಇದನ್ನು ನೋಡಬಹುದು.

ಮಿನರಲ್ (ಕಚ್ಚಾ ತೈಲವನ್ನು ಶುದ್ಧಮಾಡಿ ತೆಗೆದದ್ದು), ಫುಲ್ ಸಿಂಥೆಟಿಕ್ (ರಾಸಾಯನಿಕವಾಗಿ ಇನ್ನಷ್ಟು ಸಂಸ್ಕರಿಸಿದ್ದು), ಸೆಮಿ ಸಿಂಥೆಟಿಕ್ (ಎರಡರ ಮಿಶ್ರಣ) ಜಗಳ ಇಲ್ಲಿ ಜಾಸ್ತಿ ಬೇಕಿಲ್ಲ. 0ಡಬ್ಲ್ಯೂ, 5ಡಬ್ಲ್ಯೂ ಅಂದ ಕೂಡಲೇ ನಿಮ್ಮ ಕೈಗೆ ಬರುವುದು ಬಹುತೇಕ ಸಿಂಥೆಟಿಕ್ಕೇ. ಮಿನರಲ್‌ಗಿಂತ ಬೆಲೆ ಎರಡು ಪಟ್ಟು ಆಗಬಹುದು. ವರ್ಷಕ್ಕೊಮ್ಮೆ ಬೀಳುವ ಖರ್ಚು ಅದು. ಟರ್ಬೊ ಇರುವ ಗಾಡಿಯಲ್ಲಿ ಮಿನರಲ್ ಹೆಸರನ್ನೇ ಎತ್ತಬೇಡಿ. ಟರ್ಬೊದ ಬೇರಿಂಗಿನಲ್ಲಿ ಬಿಸಿಗೆ ಅದು ಸುಟ್ಟು ಕಿಟ್ಟವಾಗುತ್ತದೆ.

ಡಬ್ಬಿಯ ಹಿಂಭಾಗ ಓದಿ

ಮುಂದಿನ ಲೇಬಲ್‌ನಲ್ಲಿ ಹುಲಿ, ರೇಸ್ ಕಾರು, ಬೆಂಕಿ ಏನು ಬೇಕಾದರೂ ಇರಬಹುದು. ಕೆಲಸದ ಮಾಹಿತಿ ಹಿಂದೆ ಇರುತ್ತದೆ. ಎಪಿಐ (ಆಯಿಲ್ ದರ್ಜೆ ನಿಗದಿ ಮಾಡುವ ಅಮೆರಿಕದ ಸಂಸ್ಥೆ) ಕೊಡುವ ಎಸ್‌ಎನ್ ದರ್ಜೆ ಬಂದದ್ದು 2010ರಲ್ಲಿ, ಎಸ್‌ಪಿ 2020ರಲ್ಲಿ. ಎಸ್‌ಪಿ ಆಯಿಲ್ ಟೈಮಿಂಗ್ ಚೈನ್ ಸವೆತದ ಪರೀಕ್ಷೆಯನ್ನೂ ದಾಟಿರುತ್ತದೆ. ಟರ್ಬೊ ಪೆಟ್ರೋಲ್ ಎಂಜಿನ್ನಿನಲ್ಲಿ ಕಡಿಮೆ ಸ್ಪೀಡಿನಲ್ಲಿ ಇಂಧನ ಅವೇಳೆಯಲ್ಲಿ ಹೊತ್ತಿಕೊಳ್ಳುವ ತೊಂದರೆ ಇದೆಯಲ್ಲ, ಅದರ ಪರೀಕ್ಷೆಯೂ ಇದರಲ್ಲಿದೆ. ಹಳೆಯ ಗಾಡಿಗೆ ಹೊಸ ದರ್ಜೆ ಹಾಕಬಹುದು. ಹೊಸ ಗಾಡಿಗೆ ಹಳೆ ದರ್ಜೆ ಬೇಡ.

ಸ್ಕೋಡಾ ಆದರೆ ಎಪಿಐ ಸಾಲದು. ಅದರ ಮಾಲೀಕ ಫೋಕ್ಸ್‌ವ್ಯಾಗನ್ ಗುಂಪಿಗೆ ತನ್ನದೇ ಅಂಕಿಗಳಿವೆ: 502 00, 504 00, 507 00 ಹೀಗೆ. ಮ್ಯಾನ್ಯುಯಲ್ ಯಾವುದನ್ನು ಕೇಳಿದೆಯೋ ಆ ಅಂಕಿ ಡಬ್ಬಿಯ ಹಿಂದೆ ಇರಲೇಬೇಕು. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಡೀಸೆಲ್ ಗಾಡಿಗೆ ಕಡಿಮೆ ಬೂದಿ ಬಿಡುವ ಆಯಿಲ್ ಕಡ್ಡಾಯ. ಇಲ್ಲದಿದ್ದರೆ ಆ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಅದರ ಬೆಲೆ ಕೇಳಿದರೆ ಆಯಿಲ್ ಅಗ್ಗ ಅನಿಸುತ್ತದೆ.

ಕಂಪನಿ ಯಾವುದಾದರೂ ಇರಲಿ. ಇಂಡಿಯನ್ ಆಯಿಲ್‌ನ ಸರ್ವೋ, ಭಾರತ್ ಪೆಟ್ರೋಲಿಯಂನ ಮ್ಯಾಕ್, ಕ್ಯಾಸ್ಟ್ರಾಲ್, ಶೆಲ್, ಮೊಬಿಲ್, ದರ್ಜೆ ಮತ್ತು ಗ್ರೇಡ್ ಒಂದೇ ಆದರೆ ನನಗೆ ಎಲ್ಲ ಒಂದೇ. ನಕಲಿ ಮಾತ್ರ ಬೇಡ. ಪೆಟ್ರೋಲ್ ಬಂಕ್ ಅಥವಾ ಕಂಪನಿಯ ಡೀಲರ್ ಹತ್ತಿರ ಬಿಲ್ ಸಮೇತ ತೆಗೆದುಕೊಳ್ಳಿ. ಎಂಆರ್‌ಪಿಯಲ್ಲಿ ಅರ್ಧಕ್ಕರ್ಧ ಬಿಡುತ್ತೇನೆ ಅಂದರೆ ಅನುಮಾನಪಡಿ. ಖಾಲಿ ಡಬ್ಬಿಗೆ ನಕಲಿ ತುಂಬಲು ಆಗದ ಹಾಗೆ ತೂತು ಹಾಕಿಸಿಯೇ ಬನ್ನಿ.

ಇನ್ನೊಂದು ಸಣ್ಣ ವಿಷಯ, ಆದರೆ ಇಲ್ಲೇ ಎಡವುವುದು ಜಾಸ್ತಿ. ಅಂಗಡಿಯಲ್ಲಿ 3.5 ಲೀಟರಿನ ಡಬ್ಬಿ ಧಾರಾಳ ಸಿಗುತ್ತದೆ. ಅದು ಸಣ್ಣ ಕಾರಿನ ಲೆಕ್ಕ. ದೊಡ್ಡ ಸೆಡಾನಿಗೆ ಅದು ಸಾಲುವುದಿಲ್ಲ. 2.5 ಲೀಟರ್ ಕ್ಯಾಮ್ರಿಗೆ ಫಿಲ್ಟರ್ ಸೇರಿ 4.4 ಲೀಟರ್ ಬೇಕು. ಉಳಿದವಕ್ಕೂ ನಾಲ್ಕರ ಮೇಲೆಯೇ. ನಾಲ್ಕು ಲೀಟರ್ ಡಬ್ಬಿ ಒಂದು, ಒಂದು ಲೀಟರಿನದು ಒಂದು ತನ್ನಿ. ಉಳಿದದ್ದು ಡಿಕ್ಕಿಯಲ್ಲಿರಲಿ, ಟಾಪ್-ಅಪ್‌ಗೆ ಆಗುತ್ತದೆ.

ಯಾವ ಗಾಡಿ ಏನು ಕೇಳುತ್ತದೆ

ಇನ್ನೂ ಗಾಡಿ ತಂದಿಲ್ಲ ಅನ್ನುವವರು ಈ ಭಾಗವನ್ನು ಸರಿಯಾಗಿ ನೋಡಿ.

ಅಕಾರ್ಡ್ 2.4, ಅಂದರೆ 2008ರಿಂದ ಇಲ್ಲಿ ಮಾರಿದ ಎಂಟನೇ ತಲೆಮಾರಿನ ಗಾಡಿ, ಗ್ಯಾರೇಜಿನವರಿಗೂ ಪ್ರೀತಿಯ ಎಂಜಿನ್. ಟರ್ಬೊ ಇಲ್ಲ, ಟೈಮಿಂಗ್ ಬೆಲ್ಟಿನ ಬದಲು ಚೈನ್ ಇದೆ. 5ಡಬ್ಲ್ಯೂ-30 ಸಾಕು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದೆರಡು ಸೆಕೆಂಡ್ "ಖರ್ರ್" ಅಂದರೆ ಅದು ವಾಲ್ವ್ ಟೈಮಿಂಗಿನ ಆಕ್ಚುಯೇಟರ್ ಇರಬಹುದು. ಈ ಎಂಜಿನ್ನಿನ ಗೊತ್ತಿರುವ ಕಾಯಿಲೆ ಅದು. ಮಂದ ಆಯಿಲ್ ಹಾಕಿ ಅಡಗಿಸಲು ಹೋಗಬೇಡಿ. ವಿ6 (ಆರು ಸಿಲಿಂಡರಿನ) ಅಕಾರ್ಡ್ ಬೇರೆಯೇ ಲೆಕ್ಕ. ಅದರಲ್ಲಿ ಟೈಮಿಂಗ್ ಬೆಲ್ಟ್ ಇದೆ. ಒಂದು ಲಕ್ಷ ಕಿಲೋಮೀಟರಿನ ಆಸುಪಾಸಿನಲ್ಲಿ ಬದಲಿಸಿದ ಬಿಲ್ ಇಲ್ಲ ಅಂದರೆ ಆ ಖರ್ಚನ್ನು ಬೆಲೆಯಲ್ಲೇ ಕಳೆಯಿರಿ. ಅಕಾರ್ಡ್ ಯಾವುದೇ ಇರಲಿ, ಟಕಾಟಾ ಕಂಪನಿಯ ದೋಷವಿರುವ ಏರ್‌ಬ್ಯಾಗ್ ಬದಲಿಸಲು ಗಾಡಿ ವಾಪಸ್ ಕರೆದ (ರೀಕಾಲ್) ಪಟ್ಟಿಯಲ್ಲಿ ಇದೆಯಾ ಅಂತ ಚಾಸಿ ನಂಬರ್ ಹಾಕಿ ನೋಡಿ. ಬದಲಾವಣೆ ಉಚಿತ. ಆಯಿಲ್‌ಗೂ ಇದಕ್ಕೂ ಸಂಬಂಧವಿಲ್ಲ, ಆದರೂ ಹೇಳದೆ ಇರಲಾಗಲಿಲ್ಲ.

ಕ್ಯಾಮ್ರಿಯಲ್ಲಿ ಎರಡು ಕಥೆ. 2012ಕ್ಕಿಂತ ಹಿಂದಿನ 2.4 ಲೀಟರ್ ಎಂಜಿನ್ನಿಗೆ ಆಯಿಲ್ ಕುಡಿಯುವ ಹೆಸರಿದೆ. ಪಿಸ್ಟನ್ನಿನ ಆಯಿಲ್ ರಿಂಗ್ ಇದಕ್ಕೆ ಕಾರಣ. ಎಲ್ಲ ಗಾಡಿಯಲ್ಲೂ ಆಗುವುದಿಲ್ಲ, ನೋಡದೆ ತರುವುದು ಮಾತ್ರ ಬೇಡ. 2012ರಿಂದ ಬಂದ 2.5 ಇದಕ್ಕಿಂತ ಒಳ್ಳೆಯದು. ಟೊಯೊಟಾ ಮೊದಲು ಹೇಳುವುದು 0ಡಬ್ಲ್ಯೂ-20. ಪಟ್ಟಿಯಲ್ಲಿ 5ಡಬ್ಲ್ಯೂ-30 ಇದ್ದರೆ ನಮ್ಮ ಬೇಸಿಗೆಗೆ ಅದು ನನ್ನ ಆಯ್ಕೆ. 2013ರಲ್ಲಿ ಬಂದ ಹೈಬ್ರಿಡ್‌ನಲ್ಲಿ ಊರೊಳಗೆ ಎಂಜಿನ್ ಆಗಾಗ ಆಫ್ ಆಗುತ್ತದೆ, ಆಯಿಲ್ ಪೂರ್ತಿ ಬಿಸಿಯಾಗುವುದೇ ಕಷ್ಟ. ಹಾಗಾಗಿ ಅದಕ್ಕೆ 0ಡಬ್ಲ್ಯೂ-20 ಸರಿ. ಹಿಂದಿನ ಸೀಟಿನ ಹತ್ತಿರ ಬ್ಯಾಟರಿಗೆ ಗಾಳಿ ಎಳೆದುಕೊಳ್ಳುವ ಜಾಗ ಇದೆ. ನಮ್ಮ ಧೂಳಿಗೆ ಅದು ಬೇಗ ಕಟ್ಟಿಕೊಳ್ಳುತ್ತದೆ. ಸರ್ವಿಸಿನಲ್ಲಿ ಕ್ಲೀನ್ ಮಾಡಿಸಲೇಬೇಕು.

ಸೂಪರ್ಬ್ ಓಡಿಸಲು ಈ ಮೂರರಲ್ಲಿ ಸೊಗಸು, ಇಟ್ಟುಕೊಳ್ಳಲು ಕಷ್ಟ. 2009ರಲ್ಲಿ ಇಲ್ಲಿಗೆ ಬಂದ ಎರಡನೇ ತಲೆಮಾರಿನ 1.8 ಟಿಎಸ್‌ಐ (ಟರ್ಬೊ ಪೆಟ್ರೋಲ್) ಎಂಜಿನ್ನಿಗೆ ಎರಡು ಕಾಯಿಲೆ ಗೊತ್ತಿದ್ದದ್ದೇ. ಒಂದು ಆಯಿಲ್ ಸುಡುವುದು, ಇನ್ನೊಂದು ಚೈನ್ ಟೆನ್ಶನರ್ ಸೋಲುವುದು. ಸಾವಿರ ಕಿಲೋಮೀಟರಿಗೆ ಅರ್ಧ ಲೀಟರ್ ತನಕ ಆಯಿಲ್ ಖರ್ಚಾಗಬಹುದು ಅಂತ ಸ್ಕೋಡಾದ ಮ್ಯಾನ್ಯುಯಲ್ಲೇ ಹೇಳುತ್ತದೆ. ಇದಕ್ಕೆ 502 00 ಅಂಕಿ ಇರುವ 5ಡಬ್ಲ್ಯೂ-40 ಫುಲ್ ಸಿಂಥೆಟಿಕ್ ಹಾಕಿ. ಸ್ಕೋಡಾ 15,000 ಕಿಲೋಮೀಟರಿಗೆ ಆಯಿಲ್ ಬದಲಿಸಿ ಎನ್ನುತ್ತದೆ. ನಾನು ಅದರ ಅರ್ಧಕ್ಕೇ ಬದಲಿಸಿ ಎನ್ನುತ್ತೇನೆ. 2.0 ಟಿಡಿಐ ಡೀಸೆಲ್ ದೂರದ ಓಡಾಟ ಇರುವವರಿಗೆ ಒಳ್ಳೆಯದು. ಅದಕ್ಕೂ ಟೈಮಿಂಗ್ ಬೆಲ್ಟ್ ಇದೆ ಎನ್ನುವುದು ನೆನಪಿರಲಿ. ಆರು ಗೇರಿನ ಡಿಎಸ್‌ಜಿ (ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್) ಇದ್ದರೆ ಗೇರ್‌ಬಾಕ್ಸ್ ಆಯಿಲ್ 60,000 ಕಿಲೋಮೀಟರಿಗೆ ಬದಲಾಗಬೇಕು. ಟಿಎಸ್‌ಐ ಜೊತೆ ಬಂದ ಏಳು ಗೇರಿನ ಡಿಎಸ್‌ಜಿಯ ಮೆಕಟ್ರಾನಿಕ್ ಯೂನಿಟ್ (ಗೇರ್ ಬದಲಾವಣೆ ನಿಯಂತ್ರಿಸುವ ಭಾಗ) ಕೆಟ್ಟರೆ ಖರ್ಚು ದೊಡ್ಡದು. ಆ ಕೆಲಸ ಗೊತ್ತಿರುವವರನ್ನು ಹುಡುಕಿಕೊಂಡು ಹೈದರಾಬಾದಿಗೇ ಹೋಗಬೇಕಾಗಬಹುದು.

ನನ್ನನ್ನೇ ಕೇಳಿದರೆ ಕಲಬುರಗಿಯಲ್ಲಿ ಇರುವವರಿಗೆ ಅಕಾರ್ಡ್ 2.4 ಅಥವಾ ಕ್ಯಾಮ್ರಿ 2.5. ಸೂಪರ್ಬ್ ಬೇಕೇ ಬೇಕು ಅಂದರೆ ಬೆಲೆಯ ಜೊತೆಗೆ ಇನ್ನೊಂದಿಷ್ಟು ದುಡ್ಡು ಬದಿಗಿಟ್ಟುಕೊಂಡು ತನ್ನಿ.

ಧೂಳು, ಸಣ್ಣ ಓಡಾಟ, ಡಿಪ್‌ಸ್ಟಿಕ್

ವಾಡಿ, ಸೇಡಂ, ಮಳಖೇಡ ಕಡೆ ಸಿಮೆಂಟ್ ಕಾರ್ಖಾನೆಗಳು. ಶಹಾಬಾದ್, ಚಿತ್ತಾಪುರ ಕಡೆ ಫರ್ಸಿ ಕಲ್ಲಿನ ಗಣಿ, ಪಾಲಿಶ್ ಮಷಿನ್‌ಗಳು. ತೊಗರಿ ರಾಶಿಯ ಕಾಲದಲ್ಲಿ ಹೊಟ್ಟು, ಬೇಸಿಗೆಯಲ್ಲಿ ಎರೆಮಣ್ಣಿನ ಪುಡಿ. ಇವೆಲ್ಲ ಏರ್ ಫಿಲ್ಟರಿಗೆ ಹೋಗುತ್ತವೆ. ಫಿಲ್ಟರ್ ಹರಿದಿದ್ದರೆ, ಡಬ್ಬಿಯ ಕ್ಲಿಪ್ ಸಡಿಲ ಇದ್ದರೆ ಧೂಳು ನೇರ ಸಿಲಿಂಡರಿಗೆ ಇಳಿದು ರಿಂಗ್ ಸವೆಸುತ್ತದೆ. ಆಮೇಲೆ ಎಷ್ಟು ದುಬಾರಿ ಆಯಿಲ್ ಹಾಕಿದರೂ ಸವೆದದ್ದು ವಾಪಸ್ ಬರುವುದಿಲ್ಲ. ಐದು ಸಾವಿರಕ್ಕೊಮ್ಮೆ ಫಿಲ್ಟರ್ ತೆಗೆದು ನೋಡಿ. ಕಂಪ್ರೆಸರ್ ಗಾಳಿ ಹತ್ತಿರದಿಂದ ಹೊಡೆಸಬೇಡಿ, ಕಾಗದ ಹರಿಯುತ್ತದೆ. ಹೊಸದು ಹಾಕಿಸುವುದೇ ಸಲೀಸು.

ಇನ್ನು ಓಡಾಟ. ಮನೆಯಿಂದ ಸೂಪರ್ ಮಾರ್ಕೆಟ್, ಅಲ್ಲಿಂದ ಶರಣಬಸವೇಶ್ವರ ಗುಡಿ, ಮತ್ತೆ ಮನೆ. ದೊಡ್ಡ ಗಾಡಿ ತಂದವರಲ್ಲಿ ಎಷ್ಟೋ ಜನರ ಓಡಾಟ ಇಷ್ಟೇ. ಇಷ್ಟರಲ್ಲಿ ಆಯಿಲ್ ಸರಿಯಾಗಿ ಬಿಸಿಯಾಗುವುದಿಲ್ಲ. ಸುಡದ ಪೆಟ್ರೋಲ್, ನೀರಿನ ಆವಿ ಅದರಲ್ಲೇ ಉಳಿದು ಆಯಿಲ್ ಕೆಡುತ್ತದೆ. ಧೂಳಿನ ರಸ್ತೆ, ಹತ್ತಿರದ ಓಡಾಟ, ಬಿಸಿಲಿನಲ್ಲಿ ನಿಂತಲ್ಲೇ ಎಂಜಿನ್ ಓಡಿಸುವುದು, ಇವನ್ನೆಲ್ಲ ಕಂಪನಿಗಳೇ ಕಠಿಣ ಬಳಕೆ ಎಂದು ಮ್ಯಾನ್ಯುಯಲ್‌ನಲ್ಲಿ ಬರೆದಿರುತ್ತವೆ, ಆಯಿಲ್ ಬೇಗ ಬದಲಿಸಿ ಎನ್ನುತ್ತವೆ. ನಮ್ಮದು ಅದೇ ಪಟ್ಟಿ ಅಲ್ವಾ? ಹಾಗಾಗಿ 7,000-7,500 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಗಾಡಿ ಬರೀ ಎರಡು ಸಾವಿರ ಓಡಿದ್ದರೂ ವರ್ಷವಾದರೆ ಬದಲಿಸಿ. ಜೊತೆಗೆ ಪ್ರತಿ ಸಲವೂ ಆಯಿಲ್ ಫಿಲ್ಟರ್.

ಹಳ್ಳಿ ರಸ್ತೆಯ ಹಂಪುಗಳಲ್ಲೂ ಹುಷಾರು. ಉದ್ದನೆಯ, ಕೆಳಗಿರುವ ಗಾಡಿ ಇದು. ತುಂಬಾ ಜನ ಕೂತಾಗ ಎಂಜಿನ್ ತಳದ ಆಯಿಲ್ ಚೇಂಬರ್ ಬಡಿಯುತ್ತದೆ. ಬಡಿದ ಸದ್ದು ಕೇಳಿದರೆ ಗಾಡಿ ನಿಲ್ಲಿಸಿ ಕೆಳಗೆ ಬಗ್ಗಿ ನೋಡಿ, ಆಯಿಲ್ ಲೈಟ್ ಹತ್ತುವ ತನಕ ಕಾಯಬೇಡಿ. ಆ ಲೈಟ್ ಹತ್ತುವ ಹೊತ್ತಿಗೆ ಪ್ರೆಶರ್ ಆಗಲೇ ಹೋಗಿರುತ್ತದೆ.

ಡಿಪ್‌ಸ್ಟಿಕ್ ತಿಂಗಳಿಗೊಮ್ಮೆ, ಮತ್ತೆ ಸೊಲ್ಲಾಪುರ, ಹೈದರಾಬಾದ್ ಹೊರಡುವ ಹಿಂದಿನ ದಿನ ನೋಡಿ. ಸಮತಟ್ಟಾದ ಜಾಗ, ಎಂಜಿನ್ ಆಫ್ ಮಾಡಿ ಹತ್ತು ನಿಮಿಷ, ಒರೆಸಿ ಮತ್ತೆ ಅದ್ದಿ. ಎರಡು ಗುರುತಿನ ನಡುವೆ ಇದ್ದರೆ ಆಯಿತು. ಮೇಲಿನ ಗುರುತು ದಾಟಿಸಿದರೂ ತೊಂದರೆಯೇ. ಕ್ರ್ಯಾಂಕ್ ಬಡಿದು ಆಯಿಲ್‌ನಲ್ಲಿ ನೊರೆ ಬರುತ್ತದೆ.

ಕೂಲೆಂಟಿನ ಬಗ್ಗೆ ಒಂದೇ ಮಾತು: ಬೋರ್‌ವೆಲ್ ನೀರು ಹಾಕಬೇಡಿ. ಸುಣ್ಣದ ಕಲ್ಲಿನ ನೆಲದ ಗಡಸು ನೀರು ಅದು, ರೇಡಿಯೇಟರಿನಲ್ಲಿ ಉಪ್ಪು ಕಟ್ಟುತ್ತದೆ. ಕಂಪನಿ ಹೇಳಿದ ಕೂಲೆಂಟನ್ನೇ ಹಾಕಿ. ಹೋಂಡಾದ ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೂ ಹೋಂಡಾ ಹೇಳಿದ ಆಯಿಲ್ ಬಿಟ್ಟು ಬೇರೆ ಬೇಡ.

ಮೊದಲ ಸರ್ವಿಸ್ ಮತ್ತು ಆಯಿಲ್ ಕುಡಿಯುವ ಗಾಡಿ

ಗಾಡಿ ಕೈಗೆ ಬಂದ ವಾರದಲ್ಲೇ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್ ಬದಲಿಸಿ. ಮಾರಿದವರು "ಮೊನ್ನೆ ತಾನೇ ಮಾಡಿಸಿದ್ದು" ಅಂದರೂ ಸರಿ. ಆಯಿಲ್ ಹಾಕುವ ಮುಚ್ಚಳ ತೆಗೆದು ಒಳಗೆ ಟಾರ್ಚ್ ಬಿಟ್ಟು ನೋಡಿ. ಕಪ್ಪು ಗಸಿ ದಪ್ಪಗೆ ಅಂಟಿದ್ದರೆ ಎಂಜಿನ್ ಫ್ಲಶ್ ಮಾಡಿಸುವ ಆಸೆ ಬೇಡ. ಒಮ್ಮೆಲೇ ಕಳಚಿದ ಗಸಿ ಆಯಿಲ್ ಪಂಪಿನ ಜಾಲರಿಗೆ ಹೋಗಿ ಕೂರುತ್ತದೆ. ಒಳ್ಳೆಯ ಸಿಂಥೆಟಿಕ್ ಹಾಕಿ, ಮೂರು ಸಾವಿರಕ್ಕೆ ಬದಲಿಸಿ, ಮತ್ತೆ ಮೂರು ಸಾವಿರಕ್ಕೆ ಬದಲಿಸಿ. ನಿಧಾನಕ್ಕೆ ತೊಳೆದು ಬರುತ್ತದೆ.

ಈ ಓಡಾಟದಲ್ಲೇ ಗಾಡಿ ಎಷ್ಟು ಆಯಿಲ್ ಕುಡಿಯುತ್ತದೆ ಎನ್ನುವುದೂ ಗೊತ್ತಾಗುತ್ತದೆ. ಹಾಕಿದ ಟಾಪ್-ಅಪ್ ಬರೆದಿಡಿ. ಮೂರು ಸಾವಿರಕ್ಕೆ ಅರ್ಧ ಲೀಟರ್ ಅಂದರೆ ಹಳೆಯ ಗಾಡಿಗೆ ಚಿಂತೆ ಇಲ್ಲ. ಸಾವಿರಕ್ಕೆ ಅರ್ಧ ಲೀಟರ್ ಅಂದರೆ ಮೊದಲು ಪಿಸಿವಿ ವಾಲ್ವ್ (ಎಂಜಿನ್ ಒಳಗಿನ ಆವಿ ಹೊರಬಿಡುವ ವಾಲ್ವ್) ನೋಡಿಸಿ. ಹೆಚ್ಚಿನ ಗಾಡಿಗಳಲ್ಲಿ ಅಗ್ಗದ ಸಾಮಾನು ಅದು. ಅದು ಅಂಟಿಕೊಂಡರೂ ಎಂಜಿನ್ ಆಯಿಲ್ ಎಳೆದುಕೊಳ್ಳುತ್ತದೆ. ವಾಲ್ವ್ ಕವರ್ ಗ್ಯಾಸ್ಕೆಟ್, ಡ್ರೇನ್ ಬೋಲ್ಟ್ ಸೋರುತ್ತಿದೆಯಾ ನೋಡಿ. ಅದೆಲ್ಲ ಸರಿ ಇದ್ದರೆ 30ರಿಂದ 40ಕ್ಕೆ ಒಂದು ಸಲ ಹೋಗಿ ನೋಡಬಹುದು. ಸಾವಿರಕ್ಕೆ ಒಂದು ಲೀಟರ್ ಮುಟ್ಟಿದರೆ, ಸೈಲೆನ್ಸರಿನಲ್ಲಿ ನೀಲಿ ಹೊಗೆ ಬಂದರೆ ಡಬ್ಬಿ ಬದಲಿಸುವ ಆಟ ನಿಲ್ಲಿಸಿ. ಕಂಪ್ರೆಶನ್ ಟೆಸ್ಟ್, ಲೀಕ್‌ಡೌನ್ ಟೆಸ್ಟ್ (ಸಿಲಿಂಡರಿನ ಒತ್ತಡ, ಸೋರಿಕೆ ಅಳೆಯುವ ಪರೀಕ್ಷೆಗಳು) ಮಾಡಿಸಿ. ರಿಂಗ್ ಕೆಲಸವೋ, ವಾಲ್ವ್ ಸೀಲೋ ಅಂತ ಅಲ್ಲಿ ಗೊತ್ತಾಗುತ್ತದೆ. ವಾಲ್ವ್ ಸೀಲ್ ಆದರೆ ಖರ್ಚು ತಡೆಯಬಹುದು. ರಿಂಗ್ ಆದರೆ ಎಂಜಿನ್ ಇಳಿಸಬೇಕು. ಆಗ ಆ ಖರ್ಚನ್ನೂ ಗಾಡಿಯ ಈಗಿನ ಬೆಲೆಯನ್ನೂ ಪಕ್ಕಪಕ್ಕ ಬರೆದು ನೋಡಿ, ಮಾಡಿಸುವುದೋ ಮಾರುವುದೋ ತೀರ್ಮಾನಿಸಿ. ತಡ ಮಾತ್ರ ಮಾಡಬೇಡಿ, ಸುಟ್ಟ ಆಯಿಲ್ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನೂ ಹಾಳು ಮಾಡುತ್ತದೆ.